ಆವರಣದ ಎತ್ತರ

ಗಣಿತದ ಪುಸ್ತಕ ಕೈಗೆ ಬಂದರೆ ನಾನು ಮೊದಲು ನೋಡುವುದು ಆವರಣಗಳನ್ನು. ಪ್ರಮೇಯ ಏನು ಹೇಳುತ್ತದೆ ಎನ್ನುವುದು ಆಮೇಲೆ. ಒಳಗಿನ ಜೋಡಿಗಿಂತ ಹೊರಗಿನ ಜೋಡಿ ತುಸು ಎತ್ತರ ಇದೆಯೇ, ಸಿಗ್ಮಾದ ತಲೆಯ ಮೇಲಿನ ಎನ್ ಓದಲು ಬರುತ್ತದೆಯೇ, ಘಾತದ ಮೇಲೆ ಕೂತ ಇನ್ನೊಂದು ಘಾತ ಮಸಿಯ ಚುಕ್ಕೆಯಾಗಿಲ್ಲ ತಾನೇ? ಇಷ್ಟು ನೋಡಿದರೆ ಸಾಕು, ಆ ಪುಟವನ್ನು ಯಾರಾದರೂ ಕಣ್ಣಿಟ್ಟು ಜೋಡಿಸಿದ್ದಾರೋ, ಯಂತ್ರ ಕೊಟ್ಟದ್ದನ್ನು ಹಾಗೆಯೇ ಅಚ್ಚಿಗೆ ಕಳಿಸಿದ್ದಾರೋ ಗೊತ್ತಾಗಿಬಿಡುತ್ತದೆ. ವಿದೇಶದ ಗಣಿತ ಪತ್ರಿಕೆಗಳಿಗೆ ಪುಟ ಜೋಡಿಸುವ ಬೆಂಗಳೂರಿನ ಕಚೇರಿಯೊಂದರಲ್ಲಿ ದುಡಿದ ನನಗೆ ಗಾತ್ರ ಎನ್ನುವುದು ಅಲಂಕಾರದ ವಿಷಯವಾಗಿ ಎಂದೂ ಕಾಣಲಿಲ್ಲ. ಸಮೀಕರಣದ ಅರ್ಥದಲ್ಲಿ ಅದಕ್ಕೂ ಪಾಲಿದೆ ಎಂದೇ ನಾನು ನಂಬಿದ್ದೇನೆ.

ಆ ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದಲ್ಲಿ. ಮೈಸೂರಿನಲ್ಲಿ ಬಿ.ಎಸ್‌ಸಿ. ಮುಗಿಸಿದ್ದೆ. ಗಣಿತ ಓದಿದ್ದಾಳೆ ಎನ್ನುವುದೇ ನನಗಿದ್ದ ಅರ್ಹತೆ. ಬೆಂಗಳೂರು, ಚೆನ್ನೈ, ಪುದುಚೇರಿ, ತಿರುವನಂತಪುರಗಳಲ್ಲಿ ಇಂಥ ಕಚೇರಿಗಳು ಆಗ ಬೆಳೆಯುತ್ತಿದ್ದವು. ಯುರೋಪು, ಅಮೆರಿಕದ ಪ್ರಕಾಶಕರಿಂದ ಹಸ್ತಪ್ರತಿಗಳು ಕೊರಿಯರ್‌ನಲ್ಲಿ ಬರುತ್ತಿದ್ದವು. ಕೆಲವು ಟೈಪ್ ಮಾಡಿದವು. ಗ್ರೀಕ್ ಅಕ್ಷರ, ಅನುಕಲನದ ಚಿಹ್ನೆಗಳಿಗೆ ಜಾಗ ಬಿಟ್ಟು ಆಮೇಲೆ ಪೆನ್ನಿನಲ್ಲಿ ಬರೆದು ತುಂಬಿಸಿದವು. ಪೆನ್ನಿನಲ್ಲಿ ಬರೆದವರಿಗೆ ಗಾತ್ರದ ಹಂಗಿಲ್ಲ. ಯಾವುದು ಸಾಲಿನ ಮೇಲಿದೆ, ಯಾವುದು ಅಡಿಯಲ್ಲಿದೆ, ಯಾವುದು ಅಡಿಯ ಅಡಿಯಲ್ಲಿದೆ ಎನ್ನುವುದನ್ನು ನಾವು ಓದಿ ತೀರ್ಮಾನಿಸಬೇಕಿತ್ತು. ಓದಿ ಅರ್ಥವಾಗದೆ ಜೋಡಿಸಲು ಬರುತ್ತಲೇ ಇರಲಿಲ್ಲ.

ನಮ್ಮ ಕೈಗೆ ಸಿಕ್ಕ ಸಾಧನ ಟೆಕ್ ಎಂಬ ಕಂಪ್ಯೂಟರ್ ವ್ಯವಸ್ಥೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದ ಎರಡನೇ ಸಂಪುಟದ ಹೊಸ ಆವೃತ್ತಿಗೆ ಬಂದ ಪ್ರೂಫ್‌ಗಳನ್ನು 1977ರಲ್ಲಿ ನೋಡಿ ಬೇಸರಪಟ್ಟರು. ಮೊದಲ ಆವೃತ್ತಿಯನ್ನು ಸೀಸದ ಮೊಳೆಗಳಲ್ಲಿ ಜೋಡಿಸಿದ್ದರು. ಹೊಸದು ಫೋಟೋ ತಂತ್ರದ್ದು, ಅದರಲ್ಲಿ ಹಳೆಯ ಅಂದ ಇರಲಿಲ್ಲ. ತಾನೇ ಒಂದು ವ್ಯವಸ್ಥೆ ಮಾಡುತ್ತೇನೆ ಎಂದು ಅವರು ಕೈಹಾಕಿದ ಕೆಲಸವೇ ಟೆಕ್. ಅದನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. 1984ರಲ್ಲಿ ಅದರ ಕೈಪಿಡಿಯಾದ ಟೆಕ್‌ಬುಕ್ ಬಂತು. ನಮ್ಮ ಕಚೇರಿಯಲ್ಲಿ ಅದರ ಒಂದು ಪ್ರತಿ ಕೈಯಿಂದ ಕೈಗೆ ಓಡಾಡಿ ಅಂಚುಗಳೆಲ್ಲ ಕಪ್ಪಾಗಿದ್ದವು. ಗಣಿತವನ್ನು ಜೋಡಿಸುವ ಅಧ್ಯಾಯಗಳನ್ನು ಓದದೆ ಯಾರಿಗೂ ಸಮೀಕರಣ ಮುಟ್ಟಲು ಬಿಡುತ್ತಿರಲಿಲ್ಲ.

ಟೆಕ್ ಲೆಕ್ಕದಲ್ಲಿ ಪ್ರತಿ ಚಿಹ್ನೆಗೂ ಒಂದು ಸ್ಥಾನ ಇರುತ್ತದೆ. ಬೇರೆ ಸಾಲಿನಲ್ಲಿ ನಡುವೆ ನಿಂತ ಸಮೀಕರಣಕ್ಕೆ ಡಿಸ್‌ಪ್ಲೇ ಶೈಲಿ. ವಾಕ್ಯದೊಳಗೆ ಬಂದದ್ದಕ್ಕೆ ಟೆಕ್ಸ್ಟ್ ಶೈಲಿ. ಘಾತ ಮತ್ತು ಅಡಿಯ ಅಂಕಿಗೆ ಸ್ಕ್ರಿಪ್ಟ್ ಶೈಲಿ. ಅದರ ಮೇಲೂ ಇನ್ನೊಂದು ಕೂತರೆ ಅದಕ್ಕೆ ನಾಲ್ಕನೆಯ ಶೈಲಿ. ಮೂಲ ಅಕ್ಷರ 10 ಪಾಯಿಂಟ್ ಆದರೆ ಘಾತ 7 ಪಾಯಿಂಟ್, ಘಾತದ ಘಾತ 5 ಪಾಯಿಂಟ್. ಅಲ್ಲಿಗೆ ಇಳಿಕೆ ನಿಲ್ಲುತ್ತದೆ. ಇನ್ನೂ ಒಂದು ಅಂತಸ್ತು ಹೇರಿದರೂ ಅಕ್ಷರ 5ಕ್ಕಿಂತ ಸಣ್ಣದಾಗುವುದಿಲ್ಲ. ಅದಕ್ಕಿಂತ ಕೆಳಗಿಳಿದರೆ ಕಣ್ಣಿಗೆ ಅಕ್ಷರವೇ ಸಿಗದು. ಸಿಗ್ಮಾಗೂ ಅನುಕಲನಕ್ಕೂ ಎರಡೆರಡು ರೂಪ: ಡಿಸ್‌ಪ್ಲೇಯಲ್ಲಿ ದೊಡ್ಡದು, ವಾಕ್ಯದೊಳಗೆ ಚಿಕ್ಕದು. ದೊಡ್ಡ ಸಿಗ್ಮಾದ ಮಿತಿಗಳು ತಲೆಯ ಮೇಲೂ ಕಾಲಡಿಯಲ್ಲೂ ನಿಲ್ಲುತ್ತವೆ. ಚಿಕ್ಕದರ ಮಿತಿಗಳು ಪಕ್ಕಕ್ಕೆ ಸರಿದು ಸಾಲುಗಳ ನಡುವಿನ ಜಾಗವನ್ನು ಉಳಿಸುತ್ತವೆ. ಯಾರೂ ಹೇಳದೆ ಯಂತ್ರ ತಾನಾಗಿ ಇಷ್ಟೆಲ್ಲ ಮಾಡುವುದನ್ನು ಮೊದಲು ಕಂಡಾಗ ನನಗೆ ಮೈ ಜುಮ್ಮೆಂದಿತ್ತು. ಗಣಿತದ ಪುಟವನ್ನು ಇಷ್ಟು ಆಳವಾಗಿ ಯೋಚಿಸಿದ ಮನುಷ್ಯ ಒಬ್ಬ ಇದ್ದಾನಲ್ಲ ಎಂಬ ಸಂತೋಷ ಅದು.

ಆದರೆ ಯಂತ್ರ ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಕಲಿಸಿದವರು ನಮ್ಮ ಪ್ರೂಫ್ ರೀಡರ್. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು; ನಾವೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಹಳೆಯ ಪ್ರೆಸ್‌ಗಳ ಪದ್ಧತಿಯಂತೆ ಅವರು ಪ್ರೂಫ್ ಹಿಡಿದು ಕೂರುತ್ತಿದ್ದರು, ನಾನು ಎದುರು ಕೂತು ಮೂಲವನ್ನು ಗಟ್ಟಿಯಾಗಿ ಓದಬೇಕಿತ್ತು. ಗಣಿತವನ್ನು ಬಾಯಲ್ಲಿ ಓದುವುದು ಎಂಥ ಪಾಠ ಎನ್ನುವುದು ಓದಿದವರಿಗೇ ಗೊತ್ತು. ಒಂದು ದಿನ ಸಣ್ಣದೊಂದು ಸಾಲು ಬಂತು. ಟಿ ಗುಣಿಸು ಆವರಣದೊಳಗೆ ಒಂದು ಪ್ಲಸ್ ಜಿ ಆಫ್ ಟಿ. ಕೊನೆಯಲ್ಲಿ ಎರಡು ಆವರಣಗಳು ಒಂದಕ್ಕೊಂದು ಅಂಟಿಕೊಂಡು ಮುಚ್ಚುತ್ತವೆ. ಎರಡೂ ಒಂದೇ ಎತ್ತರ.

“ಓದಮ್ಮ ಇನ್ನೊಂದ್ಸಲ,” ಎಂದರು. ಓದಿದೆ.

“ಉಸಿರು ಎಲ್ಲಿ ತಗೊಂಡೆ?”

“ಟಿ ಗುಣಿಸು ಅಂದಮೇಲೆ, ಸಾರ್.”

“ಜಿ ಆಫ್ ಟಿ ಅನ್ನೋವಾಗ ತಗೊಳ್ಳಲಿಲ್ಲ, ಅಲ್ವಾ? ಉಸಿರು ತಗೊಂಡ ಕಡೆ ಆವರಣ ದೊಡ್ಡದಾಗಬೇಕು. ಉಸಿರು ಬಿಡದೆ ಓದಿದ್ದು ಚಿಕ್ಕದೇ ಇರಲಿ. ಓದೋನು ಎಣಿಸೋ ಹಾಗೆ ಆಗಬಾರದು.”

ಯಂತ್ರಕ್ಕೆ ಅಲ್ಲಿ ದೊಡ್ಡ ಆವರಣ ಹಾಕಲು ಯಾವ ಕಾರಣವೂ ಸಿಗುವುದಿಲ್ಲ. ಲೆಫ್ಟ್, ರೈಟ್ ಎಂಬ ಆದೇಶ ಕೊಟ್ಟರೆ ಟೆಕ್ ಒಳಗಿರುವುದರ ಎತ್ತರವನ್ನು ಅಳೆದು ಅದಕ್ಕೆ ತಕ್ಕ ಆವರಣ ಆರಿಸುತ್ತದೆ. ಒಳಗಿರುವುದು ಸಾಮಾನ್ಯ ಎತ್ತರದ್ದಾದರೆ ಆವರಣವೂ ಸಾಮಾನ್ಯ. ಅರ್ಥದ ಪದರಗಳು ಎಷ್ಟಿವೆ ಎನ್ನುವುದು ಅದರ ಅಳತೆಗೆ ಬರುವುದಿಲ್ಲ. ಆದ್ದರಿಂದ ಕೈಯಿಂದ ಗಾತ್ರ ಆರಿಸುವ ನಾಲ್ಕು ಆದೇಶಗಳನ್ನು ಕ್ನೂತ್ ಇಟ್ಟಿದ್ದಾರೆ. 10 ಪಾಯಿಂಟ್ ಅಕ್ಷರದ ಜೊತೆಗೆ ಮೊದಲನೆಯದು ಸಾಮಾನ್ಯ ಆವರಣಕ್ಕಿಂತ ತುಸುವೇ ಎತ್ತರ. ಎರಡನೆಯದು ಮೊದಲನೆಯದರ ಒಂದೂವರೆ ಪಟ್ಟು, ಮೂರನೆಯದು ಎರಡು ಪಟ್ಟು, ನಾಲ್ಕನೆಯದು ಎರಡೂವರೆ ಪಟ್ಟು. ಮೇಷ್ಟ್ರ ಕೆಂಪು ಪೆನ್ನು ಹೆಚ್ಚಾಗಿ ಕೇಳುತ್ತಿದ್ದದ್ದು ಮೊದಲನೆಯದನ್ನು. ಬಲ್ಲವರ ಕಣ್ಣಿಗೂ ಬೇಗ ಬೀಳದಷ್ಟು ಸಣ್ಣ ಏರಿಕೆ ಅದು. ಅದನ್ನು ಮಾಡಿದ ಮೇಲೆ ಸಾಲು ತಾನಾಗಿ ಓದಿಸಿಕೊಂಡಿತು.

ಇದರ ವಿರುದ್ಧ ದಿಕ್ಕಿನ ತೊಂದರೆ ಇನ್ನೂ ಹೆಚ್ಚು ಕಾಣುತ್ತಿತ್ತು. ಸಿಗ್ಮಾ, ಅದರ ಮೇಲೆ ಎನ್, ಕೆಳಗೆ ಕೆ ಸಮ ಒಂದು; ಎಲ್ಲದಕ್ಕೂ ಆವರಣ, ಅದರ ವರ್ಗ. ಯಂತ್ರಕ್ಕೆ ಬಿಟ್ಟರೆ ಮೇಲಿನ ಎನ್‌ನಿಂದ ಕೆಳಗಿನ ಒಂದರವರೆಗೆ ಎಲ್ಲವನ್ನೂ ಸುತ್ತುವ ಆವರಣ ಬರುತ್ತದೆ. ಟೆಕ್‌ನಲ್ಲಿ ಇದಕ್ಕೆ ನಿಯಮವೇ ಇದೆ. ಒಳಗಿನ ಎತ್ತರದ 1000ಕ್ಕೆ 901 ಪಾಲನ್ನಾದರೂ ಆವರಣ ಮುಚ್ಚಬೇಕು. 5 ಪಾಯಿಂಟ್‌ಗಿಂತ ಹೆಚ್ಚು ಗಿಡ್ಡವಾಗಲೂ ಕೂಡದು. ಜೊತೆಗೆ ಆವರಣ ಗಣಿತದ ನಡುಗೆರೆಯಿಂದ, ಅಂದರೆ ಮೈನಸ್ ಚಿಹ್ನೆಯೂ ಭಿನ್ನರಾಶಿಯ ಗೆರೆಯೂ ನಿಲ್ಲುವ ಮಟ್ಟದಿಂದ, ಮೇಲಕ್ಕೂ ಕೆಳಕ್ಕೂ ಸಮನಾಗಿ ಬೆಳೆಯಬೇಕು. ಹೀಗಾಗಿ ಸಿಗ್ಮಾದ ಕೆಳಗೆ ಮಾತ್ರ ಎರಡು ಸಾಲಿನ ನಿಬಂಧನೆ ಇದ್ದರೆ ಮೇಲುಗಡೆ ಖಾಲಿ ಜಾಗಕ್ಕೂ ಆವರಣ ಚಾಚಿಕೊಳ್ಳುತ್ತದೆ. ವರ್ಗದ 2 ಎಲ್ಲೋ ಆಕಾಶದಲ್ಲಿ ಕೂರುತ್ತದೆ. ಓದುಗನ ಕಣ್ಣು ಮೊದಲು ಆವರಣವನ್ನು ನೋಡುತ್ತದೆ, ಸಿಗ್ಮಾವನ್ನಲ್ಲ. ಅಲ್ಲಿ ಕೈಯಿಂದ ಮೂರನೆಯ ಗಾತ್ರ ಆರಿಸಿ, ಮಿತಿಗಳು ಆವರಣದ ಆಚೆ ತುಸು ಇಣುಕಲು ಬಿಡುತ್ತಿದ್ದೆವು. ಆವರಣ ಹಿಡಿದಿಟ್ಟುಕೊಳ್ಳಬೇಕಾದದ್ದು ಸಿಗ್ಮಾವನ್ನು. ಮಿತಿಗಳು ಅದಕ್ಕೆ ಅಂಟಿಕೊಂಡೇ ಇರುತ್ತವೆ. ಎತ್ತರಕ್ಕೆ ತಕ್ಕಂತಲ್ಲ, ಕೆಲಸಕ್ಕೆ ತಕ್ಕಂತೆ ಗಾತ್ರ ಎನ್ನುವುದು ನನಗೆ ಮನದಟ್ಟಾದದ್ದು ಹೀಗೆ.

ನಮ್ಮಲ್ಲಿ ಮೊಳೆ ಜೋಡಿಸಿ ಬಂದ ಹಿರಿಯ ಕಂಪೋಸಿಟರ್ ಒಬ್ಬರಿದ್ದರು. ಊಟದ ಹೊತ್ತಿನಲ್ಲಿ ಹಳೆಯ ಕಾಲದ ಗಣಿತದ ಮಾತು ತೆಗೆಯುತ್ತಿದ್ದರು. ಭಿನ್ನರಾಶಿಗೆ ಹಿತ್ತಾಳೆಯ ತೆಳು ಗೆರೆ, ಅದರ ಮೇಲೆ ಅಂಶದ ಮೊಳೆಗಳು, ಕೆಳಗೆ ಛೇದದವು, ಸುತ್ತ ಖಾಲಿ ಉಳಿದಲ್ಲೆಲ್ಲ ಸೀಸದ ತುಣುಕು. ಘಾತಕ್ಕೆ ಸಣ್ಣ ಮೊಳೆ ಹುಡುಕಿ, ಅದರ ಕೆಳಗೆ ತುಣುಕು ಕೊಟ್ಟು ಎತ್ತರಿಸಬೇಕು. ಕೇಸಿನಲ್ಲಿ ಇರುವ ಗಾತ್ರವೇ ಗಾತ್ರ. ಬೇಕಾದದ್ದು ಇಲ್ಲದಿದ್ದರೆ ಲೇಖಕರಿಗೆ ಹೇಳಿ ಸಮೀಕರಣವನ್ನೇ ಬೇರೆ ರೀತಿ ಬರೆಸಿಕೊಳ್ಳಬೇಕು. ಬ್ರಿಟನ್ನಿನಲ್ಲಿ ಮಾನೋಟೈಪ್ ಕಂಪನಿ 1950ರ ದಶಕದಲ್ಲಿ ಒಂದು ಸಮೀಕರಣವನ್ನು ನಾಲ್ಕು ತೆಳು ಸಾಲುಗಳಾಗಿ ಎರಕ ಹೊಯ್ಯುವ ವಿಧಾನ ತಂದು ಈ ಕೈಕೆಲಸವನ್ನು ಕಡಿಮೆ ಮಾಡಿತ್ತು. ಆಕ್ಸ್‌ಫರ್ಡ್‌ನಿಂದ 1954ರಲ್ಲಿ ಗಣಿತದ ಮುದ್ರಣವನ್ನು ಕುರಿತೇ ಒಂದು ಪುಸ್ತಕ ಬಂತು. ಅದನ್ನು ಬರೆದವರಲ್ಲಿ ಚಾಂಡಿ ಎಂಬ ಗಣಿತಜ್ಞರೂ ಇದ್ದರು, ಮುದ್ರಣದವರೂ ಇದ್ದರು. ಗಣಿತ ಬರೆಯುವವರು, ಜೋಡಿಸುವವರು ಒಟ್ಟಿಗೆ ಕೂತು ಮಾತಾಡಿದ ಆ ಪುಸ್ತಕದ ಬಗ್ಗೆ ಕೇಳಿದಾಗ ನಮ್ಮ ಕಚೇರಿಯ ಊಟದ ಮೇಜೂ ಅಂಥದ್ದೇ ಎನ್ನಿಸಿತ್ತು.

ಆ ಹಿರಿಯರೇ ನನಗೆ ಸಣ್ಣ ಅಕ್ಷರದ ಗುಟ್ಟು ತೋರಿಸಿದ್ದು. ಸಣ್ಣ ಗಾತ್ರದ ಮೊಳೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ದೊಡ್ಡದರ ಕುಗ್ಗಿದ ರೂಪವಲ್ಲ ಎಂದು ಗೊತ್ತಾಗುತ್ತದೆ. ಕೂಸಿನ ಮೈಯ ಅಳತೆ ದೊಡ್ಡವರ ಮೈಯನ್ನು ಕುಗ್ಗಿಸಿದ್ದಲ್ಲವಲ್ಲ, ಹಾಗೆ. ಗಾತ್ರಕ್ಕೆ ಹೋಲಿಸಿದರೆ ಅಗಲ ಹೆಚ್ಚು, ಗೆರೆ ದಪ್ಪ, ಒಳಗಿನ ಬಿಳಿ ಜಾಗ ವಿಶಾಲ. ಕ್ನೂತ್ ಇದನ್ನು ಮರೆಯಲಿಲ್ಲ. ಅವರ ಕಂಪ್ಯೂಟರ್ ಮಾಡರ್ನ್ ಅಕ್ಷರಗಳನ್ನು ಮೆಟಾಫಾಂಟ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ 62 ಅಳತೆಗಳನ್ನು ಹಿಡಿದು ಬರೆದಿದ್ದಾರೆ. 10, 7, 5 ಪಾಯಿಂಟ್‌ಗಳಿಗೆ ಆ ಅಳತೆಗಳು ಬೇರೆ ಬೇರೆ. ಮುಂದೆ ಪ್ರಕಾಶಕರು ತಮ್ಮ ಇಷ್ಟದ ಅಚ್ಚುಮುಖಗಳನ್ನು ಕೇಳತೊಡಗಿದರು. ಅವುಗಳಲ್ಲಿ ಹಲವಕ್ಕೆ ಒಂದೇ ವಿನ್ಯಾಸ; ಅದನ್ನೇ ಕುಗ್ಗಿಸಿ 5 ಪಾಯಿಂಟ್ ಮಾಡಿದರೆ ಗೆರೆ ಕೂದಲಿನಷ್ಟು ತೆಳ್ಳಗಾಗಿ, ಅಚ್ಚಿನಲ್ಲಿ ಐ ಯಾವುದು, ಜೆ ಯಾವುದು ಎಂದು ಹೇಳಲು ಆಗುತ್ತಿರಲಿಲ್ಲ. ಎರಡು ಅಕ್ಷರಗಳೂ ಒಂದೇ ಮಾತೃಕೆಯ ಅಡ್ಡಸಾಲು, ಕಂಬಸಾಲುಗಳನ್ನು ಹೇಳುವಾಗ ಆ ಗೊಂದಲ ಸಹಿಸುವಂಥದ್ದಲ್ಲ. ಅಂಥ ಅಚ್ಚುಮುಖಗಳಿಗೆ ಇಳಿಕೆಯ ಪ್ರಮಾಣವನ್ನೇ ಬದಲಿಸಬೇಕು. ಟೆಕ್ ಮೇಲೆ ಕಟ್ಟಿದ ಲೇಟೆಕ್‌ನಲ್ಲಿ ಟೈಮ್ಸ್ ಅಕ್ಷರದ ಜೊತೆ ಬಳಸುವ ವ್ಯವಸ್ಥೆಯೊಂದು 10ರ ಕೆಳಗೆ 7.4, ಅದರ ಕೆಳಗೆ 6 ಎಂದು ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. ಪಾಯಿಂಟ್ ಎಂದರೆ ಇಂಚಿನ 72ನೆಯ ಒಂದು ಪಾಲು, ಹೆಚ್ಚು ಕಡಿಮೆ. ಆ ಒಂದು ಪಾಯಿಂಟ್ ಹೆಚ್ಚಿದ ಮೇಲೆ ಐ ಐ ಆಯಿತು, ಜೆ ಜೆ ಆಯಿತು.

ನನಗೆ ಅತ್ಯಂತ ಪ್ರಿಯವಾಗಿದ್ದ ಕೆಲಸ ರಾಮಾನುಜನ್‌ಗೆ ಸೇರಿದ ಲೇಖನಗಳು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಆ ಗಣಿತಕ್ಕೆ ಗಟ್ಟಿಯಾದ ಪರಂಪರೆ ಇದೆ. ರಾಮಾನುಜನ್ ಅವರ ಎರಡನೇ ಟಿಪ್ಪಣಿ ಪುಸ್ತಕದ ಹದಿನಾರನೇ ಅಧ್ಯಾಯವನ್ನು ಕುರಿತು ಮೈಸೂರಿನ ಚಂದ್ರಶೇಖರ ಅಡಿಗ, ಎಸ್. ಭಾರ್ಗವ ಅವರು ಬ್ರೂಸ್ ಬರ್ನ್ಟ್ ಜೊತೆ ಸೇರಿ ಮಾಡಿದ ಕೃತಿ 1985ರಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯಿಂದ ಬಂತು. ಓದಿದ ಊರಿನ ಹೆಸರು ಅಂಥ ಪುಟಗಳಲ್ಲಿ ಕಂಡಾಗ ನನಗೆ ಹೆಮ್ಮೆ. ಈ ಗಣಿತದಲ್ಲಿ ಸತತ ಭಿನ್ನರಾಶಿಗಳು ಹೇರಳ. ಒಂದರ ಕೆಳಗೆ ಒಂದು ಪ್ಲಸ್ ಏನೋ. ಆ ಏನೋ ಮತ್ತೊಂದು ಭಿನ್ನರಾಶಿ. ಅದರ ಛೇದದಲ್ಲಿ ಇನ್ನೊಂದು. ಹೀಗೆ ಕೊನೆಯಿಲ್ಲದೆ ಇಳಿಯುತ್ತಾ ಹೋಗುತ್ತದೆ. ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ರಾಮಾನುಜನ್ 1913ರ ಜನವರಿಯಲ್ಲಿ ಮದ್ರಾಸಿನಿಂದ ಬರೆದ ಮೊದಲ ಪತ್ರದಲ್ಲೇ ಅಂಥವು ಇದ್ದವು. ಹಾರ್ಡಿಯನ್ನು ಬೆರಗುಗೊಳಿಸಿದ ಫಲಿತಗಳಲ್ಲಿ ಅವೂ ಸೇರಿವೆ.

ಇದನ್ನು ಸಾಮಾನ್ಯ ಭಿನ್ನರಾಶಿಯ ಆದೇಶದಲ್ಲಿ ಜೋಡಿಸಿದರೆ ಯಂತ್ರ ತನ್ನ ನಿಯಮದಂತೆ ಒಂದೊಂದು ಅಂತಸ್ತಿಗೂ ಅಕ್ಷರವನ್ನು ಇಳಿಸುತ್ತದೆ. ಮೊದಲನೆಯದು 10 ಪಾಯಿಂಟ್, ಅದರೊಳಗಿನದು 7, ಅದರೊಳಗಿನದು 5. ನೋಡಿದವರಿಗೆ ಕೆಳಗಿನದು ಮೇಲಿನದರ ಬಾಲದಂತೆ, ಮುಖ್ಯವಲ್ಲದ್ದರಂತೆ ಕಾಣುತ್ತದೆ. ಸತತ ಭಿನ್ನರಾಶಿಯಲ್ಲಿ ನಡೆಯುವುದು ಅದಲ್ಲ. ಅದರ ಪ್ರತಿ ಅಂತಸ್ತೂ ಒಂದೇ ನಿಯಮದಿಂದ ಹುಟ್ಟಿದ್ದು. ಮೂರನೆಯದು ಮೊದಲನೆಯದಕ್ಕಿಂತ ಕಿರಿದಲ್ಲ. ಅದನ್ನು ಚಿಕ್ಕದು ಮಾಡಿದರೆ ಗಣಿತದ ಬಗ್ಗೆ ಇಲ್ಲದ ಮಾತನ್ನು ಪುಟ ಹೇಳಿದ ಹಾಗಾಗುತ್ತದೆ. ಅದಕ್ಕೆಂದೇ ಲೇಟೆಕ್‌ನಲ್ಲಿ ಬೇರೆ ಆದೇಶ ಇದೆ; ಅದು ಎಲ್ಲ ಅಂತಸ್ತುಗಳನ್ನೂ ಪೂರ್ಣ ಗಾತ್ರದಲ್ಲಿ ಉಳಿಸುತ್ತದೆ. ಆಗ ಸಮೀಕರಣ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೂ ಕೆಳಕ್ಕೂ ಇಳಿದು ಅರ್ಧ ಪುಟ ನುಂಗುವುದುಂಟು. ಲೇಖನದಲ್ಲಿ ಅಂಥವು ಸಾಲುಸಾಲಾಗಿ ಬಂದರೆ ಲೇಖಕರ ಒಪ್ಪಿಗೆ ಕೇಳಿ, ಪ್ಲಸ್ ಚಿಹ್ನೆಗಳನ್ನು ಛೇದದ ಮಟ್ಟಕ್ಕೆ ಇಳಿಸಿ ಒಂದೇ ಸಾಲಿನಲ್ಲಿ ಬರೆಯುವ ರೂಪಕ್ಕೆ ತರುತ್ತಿದ್ದೆವು. ಅಲ್ಲೂ ಎಲ್ಲ ಭಿನ್ನರಾಶಿಗಳಿಗೆ ಒಂದೇ ಗಾತ್ರ. ಮೈಸೂರಿನಿಂದ ಬಂದ ಹಿರಿಯ ಸಂಶೋಧಕರೊಬ್ಬರು ಅಂಥ ಪ್ರೂಫ್ ನೋಡಿ, “ಏನಮ್ಮಾ, ನಾನು ಬೋರ್ಡಿನ ಮೇಲೆ ಬರೆಯೋ ಹಾಗೇ ಬಂದಿದೆಯಲ್ಲ,” ಎಂದಿದ್ದರು. ಆ ಮಾತಿನ ಸಂತೋಷ ನನ್ನನ್ನು ಬಹಳ ಕಾಲ ದುಡಿಸಿತು.

ವಾಕ್ಯದೊಳಗೆ ಬರುವ ಗಣಿತಕ್ಕೆ ಬೇರೆಯೇ ಮರ್ಯಾದೆ. ಅಲ್ಲಿ ಪಕ್ಕದ ಪದಗಳ ಜೊತೆ ಹೊಂದಿಕೊಂಡು ಬಾಳಬೇಕು. ಎತ್ತರದ ಭಿನ್ನರಾಶಿಯನ್ನು ಸಾಲಿನ ನಡುವೆ ಪೂರ್ಣ ಗಾತ್ರದಲ್ಲಿ ಇಟ್ಟರೆ ಮೇಲಿನ, ಕೆಳಗಿನ ಸಾಲುಗಳು ದೂರ ಸರಿದು ಪ್ಯಾರಾ ಒಡೆದಂತೆ ಕಾಣುತ್ತದೆ, ಕುಗ್ಗಿಸಿದರೆ ಓದಲಾಗದು. ಓರೆಗೆರೆ ಹಾಕಿ ಒಂದೇ ಮಟ್ಟದಲ್ಲಿ ಬರೆಯುವುದು, ಅಥವಾ ಸಮೀಕರಣವನ್ನು ಬೇರೆ ಸಾಲಿಗೆ ತೆಗೆಯುವುದು, ಇವೆರಡೇ ದಾರಿ. ಇ ಮೇಲೆ ಉದ್ದದ ಘಾತ ಬಂದು ಅದರೊಳಗೂ ಭಿನ್ನರಾಶಿ ಇದ್ದರೆ ಎಕ್ಸ್‌ಪ್ ಎಂದು ಬರೆದು ಘಾತವನ್ನು ಆವರಣದೊಳಗೆ ಇಳಿಸುವುದು ಇನ್ನೊಂದು. ಪಕ್ಕಪಕ್ಕದ ವರ್ಗಮೂಲಗಳು ಎ, ಡಿ, ವೈ ಎಂಬ ಬೇರೆ ಬೇರೆ ಎತ್ತರದ ಅಕ್ಷರಗಳನ್ನು ಹೊತ್ತಾಗ ಚಾವಣಿಗಳು ಏರಿಳಿಯುತ್ತವೆ. ಕಣ್ಣಿಗೆ ಕಾಣದ ಒಂದು ಕಂಬವನ್ನು ಒಳಗೆ ನಿಲ್ಲಿಸಿ ಎಲ್ಲವನ್ನೂ ಸಮ ಮಾಡಬೇಕು. ಮೂರೂ ಒಂದೇ ಜಾತಿಯ ರಾಶಿಗಳು ಎಂದು ಓದುಗನಿಗೆ ತಿಳಿಯುವುದು ಆಗಲೇ.

ಕೆಲಸದಿಂದ ಬಿಡುವು ಸಿಕ್ಕ ಮೇಲೆ ಕನ್ನಡದ ಗಣಿತ ಬರಹಗಳಿಗೆ ಪುಟ ಜೋಡಿಸಿಕೊಡಲು ಶುರುಮಾಡಿದೆ. ಆಗ ಕಲಿತದ್ದನ್ನೆಲ್ಲ ಮತ್ತೊಮ್ಮೆ ಯೋಚಿಸಬೇಕಾಯಿತು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ನಮ್ಮ ದುಂಡು ಅಕ್ಷರದ ಮೈ ಇಂಗ್ಲಿಷಿನ ಸಣ್ಣ ಎಕ್ಸ್‌ಗಿಂತ ಎತ್ತರಕ್ಕೆ ನಿಲ್ಲುತ್ತದೆ; ಎರಡಕ್ಕೂ ಒಂದೇ ಪಾಯಿಂಟ್ ಕೊಟ್ಟರೆ ಎಕ್ಸ್ ವಾಕ್ಯದ ನಡುವೆ ಕಳೆದುಹೋಗುತ್ತದೆ. ಪಾಯಿಂಟಿನ ಸಂಖ್ಯೆಯನ್ನು ನಂಬದೆ, ಎರಡನ್ನೂ ಅಚ್ಚು ತೆಗೆದು ಪಕ್ಕಪಕ್ಕ ಇಟ್ಟು ಕಣ್ಣಿನಿಂದಲೇ ಹೊಂದಿಸಬೇಕು. ಇನ್ನೊಂದು ವಿಷಯ ಒತ್ತಕ್ಷರ. ಶಾಸ್ತ್ರ ಎಂದು ಬರೆದರೆ ಸ ಕೆಳಗೆ ತ, ಅದರ ಪಕ್ಕ ರ. ಅದು ಕೆಳಗೆ ಇಳಿಯುವ ಜಾಗಕ್ಕೇ ಮುಂದಿನ ಸಾಲಿನ ಘಾತ ಮೇಲೇರಿ ಬರುತ್ತದೆ. ಇಂಗ್ಲಿಷ್ ಪುಟದ ಸಾಲಿನ ಅಂತರವನ್ನು ಹಾಗೆಯೇ ತಂದರೆ ಒತ್ತು ಮತ್ತು ಘಾತ ಒಂದನ್ನೊಂದು ಮುಟ್ಟುತ್ತವೆ. ಅಂತರವನ್ನು ಉದಾರವಾಗಿ ಕೊಡಬೇಕು. ಕಾಗದ ಉಳಿಸಲು ಇಲ್ಲಿ ಕತ್ತರಿ ಹಾಕಬಾರದು ಎಂದು ನಾನು ಪ್ರಕಾಶಕರ ಬಳಿ ಹಟ ಹಿಡಿದದ್ದಿದೆ.

ಈಗಿನ ಸಾಧನಗಳು ಸಾಕಷ್ಟು ಮುಂದೆ ಹೋಗಿವೆ. 2007ರ ಆಫೀಸ್ ಜೊತೆ ಬಂದ ಕೇಂಬ್ರಿಯಾ ಮ್ಯಾತ್ ಅಕ್ಷರದಿಂದ ಮೊದಲಾಗಿ, ಗಾತ್ರದ ಲೆಕ್ಕವನ್ನು ಅಕ್ಷರದ ಕಡತವೇ ಹೊತ್ತು ತರುತ್ತದೆ: ಘಾತ ಶೇಕಡಾ ಎಷ್ಟಕ್ಕೆ ಇಳಿಯಬೇಕು, ಡಿಸ್‌ಪ್ಲೇಯ ಸಿಗ್ಮಾ ಕನಿಷ್ಠ ಎಷ್ಟು ಎತ್ತರ ಇರಬೇಕು, ಆವರಣದ ದೊಡ್ಡ ರೂಪಗಳು ಯಾವುವು ಎಂಬುದೆಲ್ಲ ಅದರೊಳಗಿದೆ. ಇದು ಒಳ್ಳೆಯದೇ. ಹಳ್ಳಿಯ ಶಾಲೆಯ ಮೇಷ್ಟ್ರೂ ಈಗ ಅಂದದ ಸಮೀಕರಣ ಬರೆಯಬಹುದು. ಟಿ ಗುಣಿಸು ಎಂದ ಮೇಲೆ ಉಸಿರು ಎಲ್ಲಿ ನಿಲ್ಲುತ್ತದೆ ಎನ್ನುವುದು ಮಾತ್ರ ಯಾವ ಕಡತದಲ್ಲೂ ಬರೆದಿಲ್ಲ.

ನೆಂಟರ ಹುಡುಗಿಯೊಬ್ಬಳು ಪಿಯುಸಿ ಓದುವಾಗ ಟ್ಯೂಷನ್‌ನಲ್ಲಿ ಕೊಟ್ಟ ಪ್ರಶ್ನೆಪತ್ರಿಕೆಯೊಂದನ್ನು ತಂದು, “ಅತ್ತೆ, ಇದು ಎರಡರ ಘಾತ ಎಕ್ಸ್ ಪ್ಲಸ್ ಒಂದಾ, ಇಲ್ಲಾ ಎರಡರ ಘಾತ ಎಕ್ಸ್, ಆಮೇಲೆ ಒಂದು ಕೂಡಿಸಬೇಕಾ?” ಎಂದು ಕೇಳಿದಳು. ಎಕ್ಸ್ ತುಸು ಮೇಲೆ, ಪ್ಲಸ್ ಒಂದು ಅದಕ್ಕಿಂತ ತುಸು ಕೆಳಗೆ, ಎಲ್ಲವೂ ಒಂದೇ ಗಾತ್ರ. ಎಕ್ಸ್ ಮೂರಾದರೆ ಒಂದರ ಉತ್ತರ 16, ಇನ್ನೊಂದರದ್ದು 9. ಅವಳಿಗೆ ಗಣಿತ ಚೆನ್ನಾಗಿ ಬರುತ್ತಿತ್ತು. ಪುಟವೇ ಅವಳಿಗೆ ಪ್ರಶ್ನೆ ಹೇಳಿರಲಿಲ್ಲ.

ಬರೆದವರಿಗೆ ತಮ್ಮ ಸಮೀಕರಣ ಗೊತ್ತು. ಆವರಣ ಯಾವ ಎತ್ತರದಲ್ಲಿದ್ದರೂ ಅವರು ತಡವರಿಸುವುದಿಲ್ಲ. ಗಾತ್ರ ಬೇಕಾಗಿರುವುದು ಅದನ್ನು ಮೊದಲ ಸಲ ನೋಡುವವರಿಗೆ, ಪಕ್ಕದಲ್ಲಿ ಕೇಳಲು ಯಾರೂ ಇಲ್ಲದೆ ಒಬ್ಬರೇ ಕೂತು ಕಲಿಯುವವರಿಗೆ. ಬೋರ್ಡಿನ ಮುಂದೆ ನಿಂತ ಒಳ್ಳೆಯ ಮೇಷ್ಟ್ರು ಧ್ವನಿ ಏರಿಸಿ, ಇಳಿಸಿ, ನಿಲ್ಲಿಸಿ ಹೇಳುವುದನ್ನೆಲ್ಲ ಅಚ್ಚಿನ ಪುಟ ಗಾತ್ರ, ಅಂತರಗಳಲ್ಲೇ ಹೇಳಬೇಕು. ಪುಟ ಜೋಡಿಸುವ ಹೊಸಬರು ಸಿಕ್ಕಾಗ ನಾನು ಆದೇಶಗಳ ಪಟ್ಟಿ ಕೊಡುವುದಕ್ಕೆ ಮೊದಲು ಒಂದು ಸಮೀಕರಣ ಕೊಟ್ಟು ಗಟ್ಟಿಯಾಗಿ ಓದಿಸುತ್ತೇನೆ. ಓದಲು ಬಂದರೆ ಅದಕ್ಕೆ ಬೇಕಾದ ಗಾತ್ರಗಳೂ ಅವರಿಗೆ ತಿಳಿದಿವೆ ಎಂದೇ ಅರ್ಥ. ಆದೇಶಗಳನ್ನು ಒಂದು ವಾರದಲ್ಲಿ ಕಲಿಯುತ್ತಾರೆ.